ಹನಮಂತಪ್ಪನ ಜೀಪಿನ ಕಿರ್ ಸಪ್ಪಳ

ಗಾಡಿ ರಿಪೇರಿ ಅಂದರೆ ಹೊಸ ಹುಡುಗರು ಎಂಜಿನ್ನಿಗೆ ಹೆದರುತ್ತಾರೆ. ನಾನು ಹೆದರುತ್ತಿದ್ದುದು ಕಿರ್ ಸಪ್ಪಳಕ್ಕೆ. ಎಂಜಿನ್ ಕೆಟ್ಟರೆ ಗಾಡಿ ನಡುದಾರಿಯಲ್ಲಿ ನಿಲ್ಲುತ್ತದೆ, ಹೊಗೆ ಬಿಡುತ್ತದೆ, ತನಗೇನಾಗಿದೆ ಎಂದು ತಾನೇ ಹೇಳುತ್ತದೆ. ಮುಂದಿನ ಗಾಲಿಗಳ ಹತ್ತಿರ ಕಿರ್ ಎನ್ನುವ ಗಾಡಿ ಹಾಗಲ್ಲ. ಜೋಯಿಡಾದಿಂದ ದಾಂಡೇಲಿಯವರೆಗೆ ಮಾಲೀಕನ ತಲೆ ತಿಂದು, ಗ್ಯಾರೇಜಿನ ಬಾಗಿಲಿಗೆ ಬಂದ ಕೂಡಲೇ ಏನೂ ಅರಿಯದ ಕೂಸಿನ ಹಾಗೆ ಸುಮ್ಮನೆ ನಿಂತುಬಿಡುತ್ತದೆ. ಆಗ ಮಾಲೀಕ ನಮ್ಮನ್ನು ನೋಡುತ್ತಾನೆ, ನಾವು ಮಾಲೀಕನನ್ನು ನೋಡುತ್ತೇವೆ.

ನಾನು ಈರಪ್ಪ. ಊರವರಿಗೆ ಈರಪ್ಪ ಮಿಸ್ತ್ರಿ. ಅಪ್ಪ ಧಾರವಾಡದ ಕಡೆಯಿಂದ ಕಾಗದದ ಗಿರಣಿಯ ಕೆಲಸಕ್ಕೆ ದಾಂಡೇಲಿಗೆ ಬಂದವನು. ನನ್ನನ್ನೂ ಗಿರಣಿಗೆ ಸೇರಿಸಬೇಕೆಂದು ಅವನ ಆಸೆ. ನನಗೆ ಗಿರಣಿಯ ವಾಸನೆಗಿಂತ ಗ್ರೀಸಿನ ವಾಸನೆ ಹಿಡಿಸಿತು, ಇಸ್ಮಾಯಿಲ್ ಉಸ್ತಾದರ ಗ್ಯಾರೇಜು ಸೇರಿದೆ. ಬದುಕೆಲ್ಲ ಅಲ್ಲೇ ಜೀಪುಗಳ ಕೆಳಗೆ ಮಲಗಿ ಕಳೆದೆ. ನನ್ನ ಮೊಣಕಾಲುಗಳು ಗಾಡಿಯ ಕೆಳಗೆ ಹೋಗಲು ಒಪ್ಪಿ, ಮೇಲೇಳಲು ಒಪ್ಪದಾದ ಮೇಲೆ ಪಾನಾ, ಅಂದರೆ ಸ್ಪ್ಯಾನರ್, ಕೆಳಗಿಟ್ಟೆ. ಈಗ ಪಾನಾ ಹಿಡಿಯುವವರು ಬಂದು, "ಕಾಕಾ, ನಾಕೂ ಗಾಲಿ ಎಳ್ಯೂ ಗಾಡಿ ಮುಂದಗಡೆ ಕಿರ್ ಅಂದ್ರ ಏನ್ ಮಾಡ್ಬೇಕ್ರಿ?" ಎಂದು ಕೇಳುತ್ತಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಬಡ್ತಿ, ಸನ್ಮಾನ ಇತ್ಯಾದಿ ಇದರಲ್ಲಿ ಹುಡುಕಬೇಡಿ. ಗ್ಯಾರೇಜಿನಲ್ಲಿ ಬಡ್ತಿ ಅಂದರೆ ಗಾಡಿಯ ಕೆಳಗಿನಿಂದ ಮೇಲಕ್ಕೆ ಬರುವುದು, ಅಷ್ಟೇ.

ಉಸ್ತಾದರ ಮೊದಲ ಪಾಠ ಕಿವಿಯದು. ಗಾಡಿ ಬಂದ ಕೂಡಲೇ ನಾನು ಜಾಕ್ ಎತ್ತಿಕೊಂಡು ಓಡಿದರೆ ಅವರು ಬೀಡಿ ತೆಗೆದು ಗದರಿಸುತ್ತಿದ್ದರು.

"ಅರೆ ಈರಪ್ಪಾ, ಎಲ್ಲಿಗ್ ಓಡ್ತೀಯೋ? ಪಹಲೆ ಮಾಲಕರ ಬಾಯಿಲೆ ಅನಸು. ಆಮ್ಯಾಲ ಜಾಕ್ ಹಚ್ಚು."

ಅಂದರೆ ಗಾಡಿ ಹೇಗೆ ಕೂಗುತ್ತದೋ ಹಾಗೆ ಮಾಲೀಕ ಕೂಗಿ ತೋರಿಸಬೇಕು. ಇದು ನಮ್ಮ ಗ್ಯಾರೇಜಿನ ಪದ್ಧತಿ. "ಕುಂಯ್" ಅಂದರೆ ರಬ್ಬರ್ ಬುಷ್ ಒಣಗಿದೆ. "ಚಿಂವ್ ಚಿಂವ್" ಎಂದು ಗಾಲಿಯ ವೇಗಕ್ಕೆ ತಕ್ಕಂತೆ ಕೂಗಿದರೆ ಮುಂದಿನ ಶಾಫ್ಟಿನ ಕ್ರಾಸ್ ಗ್ರೀಸಿಲ್ಲದೆ ಒದ್ದಾಡುತ್ತಿದೆ. ಸ್ಟೇರಿಂಗ್ ತಿರುಗಿಸಿದಾಗ ಮಾತ್ರ "ಕರ್ರ್" ಅಂದರೆ ಕಿಂಗ್ ಪಿನ್. ಗುಂಡಿಯಲ್ಲಿ ಇಳಿದು ಹತ್ತಿದಾಗ "ಕಿರ್ ಕಿರ್" ಅಂದರೆ ಪಾಟಾ, ಅಂದರೆ ಭಾರ ಹೊರುವ ಆ ಬಾಗಿದ ಉಕ್ಕಿನ ಪಟ್ಟಿಗಳು, ಒಂದನ್ನೊಂದು ಉಜ್ಜುತ್ತಿವೆ. ಇಷ್ಟು ತಿಳಿದರೆ ಅರ್ಧ ಕೆಲಸ ಮುಗಿಯಿತು.

ಆದರೆ ದೊಡ್ಡ ಮನುಷ್ಯರ ಬಾಯಿಂದ ಇದನ್ನು ಹೊರಡಿಸುವುದು ಸುಲಭವಲ್ಲ. ಹಳಿಯಾಳದ ಕಡೆಯ ಕಬ್ಬಿನ ಗೌಡರೊಬ್ಬರು ಬಂದಿದ್ದರು. ಮೀಸೆ ನೋಡಿದರೇ ಎದುರಿನವರು ದಾರಿ ಬಿಡಬೇಕು. ಸಪ್ಪಳ ಹೇಗೆ ಬರುತ್ತದೆ ಎಂದು ಕೇಳಿದರೆ, "ಬರ್ತೈತಿ ಬಿಡೋ, ಒಂಥರಾ ಬರ್ತೈತಿ" ಎಂದರು. ಉಸ್ತಾದರು ಬಿಡಲಿಲ್ಲ. ಕೊನೆಗೆ ಗೌಡರು ಗೋಡೆಯ ಕಡೆ ಮುಖ ತಿರುಗಿಸಿ, ಕಣ್ಣು ಮುಚ್ಚಿ, "ಕುಂಯ್ಯ್" ಎಂದರು. ಪಕ್ಕದ ಚಹಾದಂಗಡಿಯ ಗಂಗವ್ವ ಹೊರಗೆ ಓಡಿ ಬಂದು, "ಯಾಂವ್ ಅಂವಾ ನಾಯಿಮರಿ ತುಳದಾಂವಾ?" ಎಂದು ಜಗಳಕ್ಕೇ ನಿಂತಳು. ಗೌಡರು ಆಮೇಲೆ ಬಹಳ ದಿನ ನಮ್ಮ ಗ್ಯಾರೇಜಿನ ಕಡೆ ಸುಳಿಯಲಿಲ್ಲ. ಆ ಗಾಡಿಯದು ಬುಷ್ ಎಂಬುದು ಮಾತ್ರ ಅವರ ಕೂಗಿನಿಂದಲೇ ಖಚಿತವಾಗಿತ್ತು.

ಎರಡನೆಯ ಪಾಠ ನೀರಿನದು. ಯಾವ ಬುಷ್ ಕೂಗುತ್ತಿದೆ ಎಂದು ತಿಳಿಯದಿದ್ದರೆ ಒಂದೊಂದರ ಮೇಲೂ ನೀರು ಸುರಿದು ಗಾಡಿಯ ಮೂತಿಯನ್ನು ಅದುಮಬೇಕು. ಯಾವುದಕ್ಕೆ ನೀರು ಬಿದ್ದಾಗ ಸಪ್ಪಳ ನಿಲ್ಲುತ್ತದೋ ಅದೇ ಕಳ್ಳ. ಎಣ್ಣೆ ಮಾತ್ರ ಹಾಕಬೇಡಿ. ಎಣ್ಣೆ ಬಿದ್ದ ರಬ್ಬರು ಉಬ್ಬಿ ಹಾಳಾಗುತ್ತದೆ. ಇದನ್ನು ಎಷ್ಟು ಹೇಳಿದರೂ ಜನ ಕೇಳುವುದಿಲ್ಲ. ಖಾನಾವಳಿ ನಡೆಸುತ್ತಿದ್ದವನೊಬ್ಬ ತನ್ನ ಗಾಡಿಯ ಬುಷ್‌ಗಳಿಗೆ ಮಿರ್ಚಿ ಕರಿದು ಉಳಿದ ಎಣ್ಣೆ ಸುರಿದ. ಸಪ್ಪಳ ನಿಂತಿತು. ಆದರೆ ಅವನು ಎಲ್ಲಿ ಗಾಡಿ ನಿಲ್ಲಿಸಿದರೂ ಊರಿನ ನಾಯಿಗಳೆಲ್ಲ ಬಂದು ಮುಂದಿನ ಗಾಲಿಯ ಸಂದಿಗೆ ಮೂತಿ ಹಾಕಿ ನೆಕ್ಕತೊಡಗಿದವು. ನಮ್ಮಲ್ಲಿಗೆ ಬಂದಾಗ ಗಾಡಿಯ ಹಿಂದೆ ನಾಯಿಗಳ ದಿಬ್ಬಣವೇ ಇತ್ತು. ನನ್ನನ್ನು ಕೆಳಗೆ ಇಳಿಯಲು ಬಿಡದೆ ಅವು ಗುರ್ ಅಂದವು. ಊಟದ ನಡುವೆ ಕೈ ಹಾಕಿದರೆ ನಾನಾದರೂ ಗುರ್ ಅನ್ನುತ್ತಿದ್ದೆ.

ಮೂರನೆಯ ಪಾಠವನ್ನು ಕಲಿಸಿದವರು ಮುಂಡಗೋಡದ ಗೋವಿನಜೋಳದ ವ್ಯಾಪಾರಿ. ಅವರ ಗಾಡಿಯ ಬಂಪರಿಗೆ ಕಟ್ಟಿದ್ದ ನಿಂಬೆಹಣ್ಣು ಮೆಣಸಿನಕಾಯಿ ಒಣಗಿ ಕಪ್ಪಾಗಿದ್ದವು. ಕೆಲಸಕ್ಕೆ ಅಡ್ಡ ಬಂತೆಂದು ಕಿತ್ತು ಬಿಸಾಡಿದೆ. ಗಾಡಿ ಸರಿಯಾಯಿತು, ಅವರು ನಗುತ್ತ ಹೋದರು. ಹಳಿಯಾಳ ದಾಟುವುದರೊಳಗೆ ಗಾಲಿ ಪಂಕ್ಚರ್. ಸ್ಟೆಪ್ನಿ ಹಾಕಿದರೆ ಅದೂ ಪಂಕ್ಚರ್. ಮರುದಿನ ಬಂದು ಗ್ಯಾರೇಜಿನ ನಡುವೆ ನಿಂತು ಕೂಗಾಡಿದರು.

"ನಿಂಬಿಹಣ್ಣ ಏನ್ ಮಾಡಿತ್ತೋ ನಿನಗ? ಅದು ಇದ್ದಷ್ಟ್ ದಿನಾ ನನ್ನ ಗಾಲ್ಯಾಗಿನ ಗಾಳಿ ಎಲ್ಲಿಗೂ ಹೋಗಿರ್ಲಿಲ್ಲಾ!"

ಅಂದಿನಿಂದ ಉಸ್ತಾದರು ಕಾನೂನು ಮಾಡಿದರು: ದೃಷ್ಟಿಗೆಂದು ಕಟ್ಟಿದ ಸಾಮಾನಿಗೆ ಕೈ ಹಚ್ಚಬಾರದು. ನಿಂಬೆಹಣ್ಣಿರಲಿ, ಕರಿದಾರವಿರಲಿ, ಹಳೆಯ ಚಪ್ಪಲಿಯಿರಲಿ, ಅದು ಗಾಡಿಯ ಭಾಗವಲ್ಲ, ಮಾಲೀಕನ ನಂಬಿಕೆಯ ಭಾಗ. ಪಾನಾ ತಾಗಿದರೆ ಕ್ಷಮೆ ಕೇಳಿ ಪಕ್ಕಕ್ಕೆ ಸರಿ. ನಾವು ಇದನ್ನು ಎಷ್ಟು ಚೆನ್ನಾಗಿ ಪಾಲಿಸಿದೆವೆಂದರೆ, ಕೆಲ ವರ್ಷಗಳಲ್ಲಿ ಅವು ನಮ್ಮ ಕಣ್ಣಿಗೆ ಬೀಳುವುದೇ ನಿಂತುಹೋಯಿತು. ಇದರಿಂದಲೇ ಮುಂದಿನ ಫಜೀತಿ ಆಯಿತು.

ನನ್ನ ಕೆಲಸದ ಕೊನೆಯ ವರ್ಷ. ಉಸ್ತಾದರು ಆಗಲೇ ಮನೆ ಹಿಡಿದಿದ್ದರು, ಗ್ಯಾರೇಜು ನನ್ನ ಕೈಯಲ್ಲಿತ್ತು. ಮಳೆಗಾಲ ಮುಗಿದು ಕಾಡಿನ ಸಫಾರಿ ಶುರುವಾಗಿತ್ತು. ಪರಶುರಾಮ ತನ್ನ ಜೀಪು ತಂದು ನಿಲ್ಲಿಸಿ, ಇಳಿಯದೆ ಸ್ಟೇರಿಂಗ್ ಮೇಲೆ ತಲೆ ಇಟ್ಟು ಕುಳಿತ. ಅದು ಅವನ ಅಪ್ಪ ಹನಮಂತಪ್ಪನ ಜೀಪು. ಹನಮಂತಪ್ಪ ಉಳವಿ, ಜೋಯಿಡಾ ಕಡೆ ಜನರನ್ನು ಹೊತ್ತು ತಿರುಗುತ್ತಿದ್ದ ನನ್ನ ಗೆಳೆಯ. ದೊಡ್ಡ ದನಿ, ದೊಡ್ಡ ಹೊಟ್ಟೆ, ಬಾಯಿ ತುಂಬ ಎಲೆ, ಕಾಲಲ್ಲಿ ಕೊಲ್ಲಾಪುರಿ ಚಪ್ಪಲಿ. ಅವನು ತೀರಿಕೊಂಡ ಮೇಲೆ ಮಗ ಜೀಪಿನ ಮೇಲ್ಹೊದಿಕೆಯ ಟಪ್ಪು ಬಿಚ್ಚಿಸಿ, ಬೆಂಚು ಹಾಕಿಸಿ, ಸಫಾರಿಗೆ ಬಿಟ್ಟಿದ್ದ. ತಾಯಿ ಮಗ ಇಬ್ಬರ ಬದುಕೂ ಅದರ ಮೇಲೆಯೇ.

"ಕಾಕಾ, ಏನರ ಮಾಡ್ರಿ. ಸ್ವಾಮಾರದೊಳಗ ಈ ಸಪ್ಪಳ ನಿಲ್ಲಬೇಕ್ರಿ. ಇಲ್ಲಂದ್ರ ಗಾಡಿ ಸಾಲಿನ್ಯಾಗಿಂದ ತಗೀತಾರಂತ."

"ಯಾರ್ ಅಂದ್ರು?"

"ಸಾಹೇಬ್ರು."

ಸಫಾರಿ ನೋಡಿಕೊಳ್ಳುತ್ತಿದ್ದ ಅಧಿಕಾರಿ ಮೈಸೂರಿನ ಕಡೆಯವರು, ಮೃದು ಮಾತಿನವರು. ಅವರು ಇವನ ಜೀಪಿನಲ್ಲಿ ಒಂದು ಸುತ್ತು ಹೋಗಿ ಬಂದು, "ನೋಡಪ್ಪ ಪರಶುರಾಮ, ನಿನ್ನ ಜೀಪು ಹೊರಡುತ್ತೆ ಅಂತ ಜಿಂಕೆಗಳಿಗೆ ನಮಗಿಂತ ಮೊದಲೇ ಗೊತ್ತಾಗುತ್ತೆ. ದುಡ್ಡು ಕೊಟ್ಟು ಬಂದವರು ಬರೀ ಗಿಡ ನೋಡ್ಕೊಂಡು ಹೋಗ್ತಿದಾರೆ" ಎಂದಿದ್ದರಂತೆ. ಮಾತು ನ್ಯಾಯವೇ. ಅದರ ಮೇಲೆ ಬೆಳಗಾವಿಯ ಒಬ್ಬ ಹಳೆ ಜೀಪು ಕೊಳ್ಳುವವನು ಪರಶುರಾಮನಿಗೆ ದಿನಾ ಫೋನು ಮಾಡುತ್ತಿದ್ದ. ಸಫಾರಿ ಗಾಡಿಗಳ ಸಾಲು ತಪ್ಪಿದರೆ ಮಾರದೆ ಗತಿಯಿಲ್ಲ.

"ಮಾರಿದ್ರ ಅವ್ವಗ ಏನಂತ ಹೇಳ್ಲಿ ಕಾಕಾ? ಅಪ್ಪನ ಗಾಡಿ ಅಂತ ದಿನಾ ಮುಂಜಾನೆ ಕೈ ಮುಗದು ಕಳಸ್ತಾಳ" ಎಂದ. ಅವನ ಕಣ್ಣು ತುಂಬಿದ್ದವು. ಹನಮಂತಪ್ಪನ ಗಾಡಿ ನನ್ನ ಕೈಯಲ್ಲಿ ಸೋಲುವುದೆಂದರೇನು?

"ಅಳಬ್ಯಾಡೋ. ಮದ್ಲ ಬಾಯಿಲೆ ಅನ್ನು" ಎಂದೆ. ಅವನು "ಕಿರ್ರ್, ಕಿರ್ರ್" ಎಂದ. ನಾನು ಜೀಪಿನ ಮಡ್‌ಗಾರ್ಡ್ ಮೇಲೆ ಕುಳಿತು, ತಲೆಯನ್ನು ಗಾಲಿಯ ಕಡೆ ಇಳಿಬಿಟ್ಟು, ಕೋಗಿಲಬನದ ರಸ್ತೆಯಲ್ಲಿ ಹೋಗಿಬಂದೆ. ದಾರಿಯಲ್ಲಿ ಗುರುತಿನವರೆಲ್ಲ, "ಏನ್ ಮಿಸ್ತ್ರಿ, ಒಳಗ ಜಾಗಾ ಇಲ್ಲೇನು?" ಎಂದು ಕೂಗಿದರು. ಸಪ್ಪಳ ನಿಜಕ್ಕೂ ಇತ್ತು, ಎಡಗಾಲಿಯ ಹತ್ತಿರ, ಗುಂಡಿ ಬಂದಾಗೊಮ್ಮೆ. ಗ್ಯಾರೇಜಿಗೆ ಬಂದು ಪಾಟಾದ ತುದಿಯ ಬುಷ್‌ಗೆ ನೀರು ಸುರಿದೆ. ಸಪ್ಪಳ ನಿಂತಿತು.

"ಬುಷ್!" ಎಂದೆ, ಕೈ ಒರೆಸಿಕೊಂಡು. ಹೊಸ ಬುಷ್ ಹಾಕಿದೆ. ಬೋಲ್ಟುಗಳನ್ನು ಗಾಡಿ ನೆಲಕ್ಕಿಳಿದ ಮೇಲೆಯೇ ಬಿಗಿ ಮಾಡಿದೆ, ನೀವೂ ಹಾಗೇ ಮಾಡಿ, ಇಲ್ಲದಿದ್ದರೆ ರಬ್ಬರು ತಿರುಚಿಕೊಂಡು ಬೇಗ ಹರಿಯುತ್ತದೆ. ಗಾಡಿ ಮೌನವಾಗಿ ಹೋಯಿತು. ಮರುದಿನ ಕಿರ್ ಎನ್ನುತ್ತ ಬಂತು.

ಪಾಟಾ ಬಿಚ್ಚಿ ಪಟ್ಟಿಗಳನ್ನು ತಿಕ್ಕಿ ಗ್ರೀಸ್ ಹಚ್ಚಿದೆ. ತೊಳೆದು ಕಳಿಸಿದೆ. ಸುಮ್ಮನಿತ್ತು, ಬಿಸಿಲೇರಿದ ಮೇಲೆ ಮತ್ತೆ ಕಿರ್. ಕಿಂಗ್ ಪಿನ್ ನೋಡಿದೆ, ಕ್ರಾಸ್ ನೋಡಿದೆ, ಕುಲುಕಾಟ ತಡೆಯುವ ಶಾಕಪ್ ಬಿಚ್ಚಿಯೇ ಓಡಿಸಿದೆ. ಆಗ ಪರಶುರಾಮನ ಹಲ್ಲು ಕಟಕಟ ಅಂದವು, ಅದರ ನಡುವೆಯೂ ಕಿರ್ ಕೇಳಿಸಿತು. ವಿಚಿತ್ರವೆಂದರೆ ಜಾಕ್ ಮೇಲೆ ಎತ್ತಿ ಎಷ್ಟು ಅಲುಗಾಡಿಸಿದರೂ ಸಪ್ಪಳವಿಲ್ಲ. ನೆಲಕ್ಕಿಳಿಸಿದರೆ ಇದೆ. ಒದ್ದೆಯಾದರೆ ಇಲ್ಲ, ಒಣಗಿದರೆ ಇದೆ. ಪೇಟೆಯಿಂದ ಕಂಪ್ಯೂಟರ್ ಹಚ್ಚಿ ನೋಡುವ ಮೆಕ್ಯಾನಿಕ್ ಗೆಳೆಯನನ್ನೂ ಕರೆಸಿದೆ. ಅವನು ಜೀಪಿನ ಸುತ್ತ ತಿರುಗಿ, "ಅಣ್ಣಾ, ನನ್ನ ವಾಯರ್ ಚುಚ್ಚಾಕ ಇದರಾಗ ತೂತ ಇಲ್ಲ" ಎಂದು ಚಹಾ ಕುಡಿದು ಹೋದ.

ಭಾನುವಾರ ಬಂತು. ಮಾರನೆಯ ದಿನ ಸಾಹೇಬರ ಪರೀಕ್ಷೆ. ನಾನು ಮಾನ ಬಿಟ್ಟು ಉಸ್ತಾದರನ್ನು ಆಟೋದಲ್ಲಿ ಕರೆತಂದೆ. ಅವರು ತಮ್ಮ ಹಳೆಯ ಕಟ್ಟಿಗೆಯ ಕೋಲನ್ನೂ ತಂದಿದ್ದರು. ಒಂದು ತುದಿ ಗಾಡಿಗೆ, ಇನ್ನೊಂದು ತುದಿ ಕಿವಿಗೆ ಹಚ್ಚಿ ಕೇಳಿದರು. ಬಹಳ ಹೊತ್ತು ಕೇಳಿ ಕೋಲು ಕೆಳಗಿಟ್ಟರು.

"ಈರಪ್ಪಾ, ಇದು ಕಬ್ಬಿಣದ ಆವಾಜ್ ಅಲ್ಲ."

"ಮತ್ತ ರಬ್ಬರದ್ದರೀ?"

"ರಬ್ಬರದ್ದೂ ಅಲ್ಲ. ಎಲ್ಲೋ ಕೇಳೇನಿ. ಯಾದ್ ಬರವಲ್ದು."

ಅಂದು ಅಮಾವಾಸ್ಯೆ. ಅಮಾವಾಸ್ಯೆಗೆ ಗಾಡಿ ಪೂಜೆ ನಮ್ಮ ಕಡೆ ತಪ್ಪುವಂತಿಲ್ಲ. ಗಾಡಿ ಮನೆಗೆ ಬಾರದ್ದರಿಂದ ಹನಮಂತಪ್ಪನ ಹೆಂಡತಿ ಶಾಂತವ್ವ ವೈನಿಯೇ ಗ್ಯಾರೇಜಿಗೆ ಬಂದರು, ಒಂದು ಕೈಯಲ್ಲಿ ಪೂಜೆಯ ಚೀಲ, ಇನ್ನೊಂದರಲ್ಲಿ ಮಗನ ಬುತ್ತಿ. ಜೀಪಿನ ಮೂತಿಗೆ ಎರಡು ಬಕೆಟ್ ನೀರು ಎರಚಿ, ಕುಂಕುಮ ಹಚ್ಚಿ, ಕಾಯಿ ಒಡೆದರು. ಪರಶುರಾಮ ಗಾಡಿ ಚಾಲೂ ಮಾಡಿ ಒಂದು ಸುತ್ತು ಹೊಡೆದು ಬಂದ. ಸಪ್ಪಳವಿಲ್ಲ!

"ಯವ್ವಾ, ನಿಂತೈತಿ!" ಎಂದು ಕುಣಿದ.

"ಇಷ್ಟ್ ದಿನಾ ಪಾನಾ ತಿರುವಿ ತಿರುವಿ ಏನ್ ಮಾಡಿದ್ರಿ ಅಣ್ಣಾರ? ಒಂದ್ ಕಾಯಿ ಒಡಸಿದ್ರ ಆಗ್ತಿತ್ತು" ಎಂದರು ವೈನಿ ನನಗೆ. ಗಂಗವ್ವ ಚಹಾದಂಗಡಿಯಿಂದಲೇ ನಕ್ಕಳು. ನನ್ನ ಇಡೀ ಜೀವಮಾನದ ವಿದ್ಯೆಯನ್ನು ಒಂದು ತೆಂಗಿನಕಾಯಿ ಸೋಲಿಸಿತ್ತು. ಉಸ್ತಾದರು ಮಾತ್ರ, "ಚುಪ್ ಇರ್ರಿ. ಬಿಸಿಲಾಗ ನಿಲ್ಲಸ್ರಿ, ಆರಲಿ" ಎಂದರು.

ಮಧ್ಯಾಹ್ನ ವೈನಿಯನ್ನು ಮನೆಗೆ ಬಿಡಲು ಹೊರಟೆವು. ವೈನಿ ಮಗನ ಪಕ್ಕ ಮುಂದೆ, ನಾನು ಹಿಂದಿನ ಬೆಂಚಿನಲ್ಲಿ. ಗಂಡ ಹೋದ ಮೇಲೆ ಅವರು ಆ ಜೀಪು ಹತ್ತಿದ್ದು ಅದೇ ಮೊದಲು. ತಲೆಯ ಮೇಲೆ ಸೆರಗಿಲ್ಲದೆ, ಗಾಳಿಗೆ ಮುಖ ಕೊಟ್ಟು, ಬದನೆಕಾಯಿ ತುಟ್ಟಿಯಾದ ಸುದ್ದಿ ಹೇಳುತ್ತ ಕುಳಿತಿದ್ದರು. ರಸ್ತೆ ಕೆಟ್ಟಿತು. ಮೊದಲ ಗುಂಡಿಗೆ ಗಾಡಿ ಇಳಿದು ಹತ್ತಿತು. ಕಿರ್ರ್.

ಪರಶುರಾಮನ ಮುಖ ಬಾಡಿತು. ನಾನು ಅವನನ್ನು ನೋಡಲಿಲ್ಲ, ವೈನಿಯನ್ನು ನೋಡಿದೆ. ಅವರ ಕೈ ತಾನಾಗಿಯೇ ಮೇಲೆ ಹೋಗಿ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಿತು. ಮಾತು ಅಲ್ಲಿಗೇ ನಿಂತಿತು. ಇನ್ನೊಂದು ಗುಂಡಿ, ಕಿರ್ರ್. ಅವರು ಸೆರಗನ್ನು ಇನ್ನಷ್ಟು ಮುಂದೆ ತಂದುಕೊಂಡು ನೆಟ್ಟಗೆ ಕುಳಿತರು.

"ಯಾಕ್ರೀ ವೈನಿ, ಸೆರಗ ಹೊತ್ಕೊಂಡ್ರಿ?"

ಅವರು ತಬ್ಬಿಬ್ಬಾದರು. ಸೆರಗು ಮುಟ್ಟಿ ನೋಡಿಕೊಂಡರು. "ಅಯ್ಯ, ಗೊತ್ತಾ ಆಗ್ಲಿಲ್ಲ ಅಣ್ಣಾರ. ಅವರು ಬಂದ್ರು ಅನಿಸ್ತು."

"ಯಾರ್ ಬಂದ್ರು?"

"ಇವನ ಅಪ್ಪಾರು. ಅಂಗಳದಾಗ ಬಂದ್ರಂದ್ರ ಹಿಂಗಾ ಕೇಳ್ತಿತ್ತು."

"ನಿಲ್ಸೋ ಗಾಡಿ!" ಎಂದು ಕೂಗಿದೆ. ಪರಶುರಾಮ ಬ್ರೇಕು ಒತ್ತಿದ ರಭಸಕ್ಕೆ ನಾನು ಬೆಂಚಿನಿಂದ ಕೆಳಗೆ ಬಿದ್ದೆ. ಬಿದ್ದವನು ಹಾಗೇ ಇಳಿದು, ಮೊಣಕಾಲು ಮರೆತು, ಎಡಗಾಲಿಯ ಮುಂದೆ ರಸ್ತೆಯಲ್ಲಿ ಮಲಗಿದೆ. ಬಂಪರಿನ ಹಿಂದೆ, ಪಾಟಾದ ನೆತ್ತಿಗೂ ಚಾಸಿಯ ಚೌಕಟ್ಟಿಗೂ ನಡುವೆ, ತಂತಿಯಿಂದ ಬಿಗಿಯಾಗಿ ಕಟ್ಟಿದ ಹನಮಂತಪ್ಪನ ಕೊಲ್ಲಾಪುರಿ ಚಪ್ಪಲಿ! ನಾಲ್ಕಾರು ದಿನಗಳಿಂದ ನಾನು ಅದಕ್ಕೆ ಮುಂಗೈ ತಾಗಿದಾಗಲೆಲ್ಲ ನೋಡದೆಯೇ ಕ್ಷಮೆ ಕೇಳಿ, ಅದರ ಸುತ್ತಲಿನ ಕಬ್ಬಿಣವನ್ನೆಲ್ಲ ಬಿಚ್ಚಿ ಕಟ್ಟಿದ್ದೆ.

"ಇದನ್ನ ಇಲ್ಲಿ ಯಾರ್ ಕಟ್ಟಿದ್ರೋ?"

"ನಾನಾ ಕಟ್ಟೇನ್ರಿ. ಅವ್ವ ಬಂಪರಿಗೆ ಕಟ್ಟಿದ್ಲು. ಈ ಸಲ ಗಾಡಿಗೆ ಬಣ್ಣಾ ಹೊಡಿಸಿದ ಮ್ಯಾಲ ಪ್ರವಾಸಿಗರು ಅದರ ಫೋಟೋನ ತಗ್ಯಾಕತ್ರು. ನಾಚಿಕಿ ಬಂತು, ಒಳಗ ಸರಸಿದೆ."

ಗಾಡಿ ಜಾಕ್ ಮೇಲಿದ್ದಾಗ ಪಾಟಾ ಕೆಳಗೆ ಜೋಲುತ್ತಿತ್ತು, ಚಪ್ಪಲಿಗೆ ತಾಗುತ್ತಿರಲಿಲ್ಲ. ನೆಲದ ಮೇಲೆ ಪ್ರತಿ ಗುಂಡಿಗೂ ಪಾಟಾ ಮೇಲೆದ್ದು ಅದನ್ನು ತುಳಿಯುತ್ತಿತ್ತು. ನೀರು ಬಿದ್ದರೆ ತೊಗಲು ಮೆತ್ತಗಾಗಿ ಸುಮ್ಮನಾಗುತ್ತಿತ್ತು. ಹನಮಂತಪ್ಪ ಕಿರ್ ಎನ್ನುವ ಚಪ್ಪಲಿಯನ್ನೇ ಆರಿಸಿ ತರುತ್ತಿದ್ದ, ಸಪ್ಪಳವಿಲ್ಲದ ಚಪ್ಪಲಿ ಮೆಟ್ಟಿದರೆ ಗಂಡಸು ಬಂದದ್ದು ಜನರಿಗೆ ಹೇಗೆ ಗೊತ್ತಾಗಬೇಕು ಎನ್ನುತ್ತಿದ್ದ. ಇದೆಲ್ಲ ಆಗ ನೆನಪಾಯಿತು. ನಾನು ರಸ್ತೆಯ ಮೇಲೆ ಮಲಗಿಯೇ ನಗತೊಡಗಿದೆ. ಪರಶುರಾಮನೂ ನಕ್ಕ. ವೈನಿ ಮಾತ್ರ ನಗಲಿಲ್ಲ.

"ತಗೀಬ್ಯಾಡ್ರಿ ಅಣ್ಣಾರ. ಅವರ ಕಾವಲಾ ನನ್ನ ಮಗಗ" ಎಂದರು.

"ಯವ್ವಾ, ನಾಳೆ ಸಾಹೇಬ್ರ ಬರ್ತಾರ. ಗಾಡೀನಾ ಹೋದ್ರ ಕಾವಲ ಯಾತಕ್ಕ?"

ವೈನಿ ಜೀಪಿನಿಂದ ಇಳಿದರು. ಆಮೇಲೆ ತಾವೇ ಬಗ್ಗಿ ತಂತಿ ಬಿಚ್ಚಿ, ಚಪ್ಪಲಿಯ ಧೂಳನ್ನು ಸೆರಗಿನಿಂದ ಒರೆಸಿದರು. "ನಡೀರಿ ಮನೀಗೆ. ಇವರನ್ನ ಸುಮ್ನ ಇರಸೂದು ನನಗ ಗೊತ್ತೈತಿ" ಎಂದರು.

ಔಡಲ ಎಣ್ಣೆಯ ಬಟ್ಟಲು ತಂದು, ಮನೆಯ ಕಟ್ಟೆಯ ಮೇಲೆ ಕುಳಿತು, ಚಪ್ಪಲಿಯ ಒಂದೊಂದು ಪದರಿಗೂ ಬೆರಳಿಂದ ಎಣ್ಣೆ ಉಣಿಸಿದರು. ಪರಶು ಕೂಸಾಗಿದ್ದಾಗ ತೊಟ್ಟಿಲಲ್ಲಿ ಮಲಗಿದರೆ ಅಪ್ಪನ ಚಪ್ಪಲಿಯ ಸಪ್ಪಳಕ್ಕೆ ಎಚ್ಚರವಾಗಿ ಚೀರುತ್ತಿದ್ದನಂತೆ. ಗಂಡನಿಗೆ ಹೇಳುವ ಧೈರ್ಯವಿಲ್ಲದೆ ವೈನಿ ಕದ್ದು ಎಣ್ಣೆ ಹಚ್ಚುತ್ತಿದ್ದರು. ಹನಮಂತಪ್ಪ ಸಪ್ಪಳ ಸತ್ತಿತೆಂದು ಚಪ್ಪಲಿ ಹೊಲಿದವನ ಮೇಲೆ ಹೋಗಿ ಹಾರಾಡುತ್ತಿದ್ದನಂತೆ.

"ಪಾಪ, ಅಂವಾ ಪ್ರತಿ ಸಲ ಹೊಸದು ಹೊಲದು ಕೊಡ್ತಿದ್ದ. ನಾ ಮತ್ತ ಎಣ್ಣಿ ಹಚ್ತಿದ್ದೆ" ಎಂದು ಈಗ ವೈನಿ ನಕ್ಕರು, ನಗುತ್ತಲೇ ಕಣ್ಣೊರೆಸಿಕೊಂಡರು. ಬದುಕಿನಲ್ಲಿ ಎಷ್ಟೋ ಭಾಗಗಳಿಗೆ ಗ್ರೀಸ್ ಹಚ್ಚಿದ್ದೇನೆ, ಇಷ್ಟು ಚೆಂದದ ಕೆಲಸ ನನ್ನ ಕೈಯಿಂದ ಆಗಿರಲಿಲ್ಲ. ಚಪ್ಪಲಿಯನ್ನು ಪಾಟಾಕ್ಕೆ ತಾಗದಂತೆ ಬಂಪರಿನ ಒಳಮೈಗೆ ನಾನೇ ಕಟ್ಟಿದೆ. ಉಸ್ತಾದರ ಕಾನೂನು ಮುರಿದದ್ದು ಅದೊಂದೇ ಸಲ, ಅದೂ ಮಾಲಕಿಯ ಎದುರಿಗೆ.

ಸೋಮವಾರ ಸಾಹೇಬರು ಬಂದು ಮುಂದೆ ಕುಳಿತರು. ಪರಶುರಾಮ ಉಸಿರು ಹಿಡಿದು ಕಾಡಿನ ದಾರಿಯಲ್ಲಿ ಜೀಪು ಬಿಟ್ಟ. ಗುಂಡಿ ಬಂತು, ಹೋಯಿತು, ಸಪ್ಪಳವಿಲ್ಲ. ಜಿಂಕೆಗಳು ತಲೆ ಎತ್ತಿ ನೋಡಿ ಮತ್ತೆ ಮೇಯತೊಡಗಿದವು. ಅಷ್ಟರಲ್ಲಿ "ಕಿರ್" ಎಂದಿತಂತೆ. ಪರಶುರಾಮನಿಗೆ ಬೆವರು ಕಿತ್ತು ಬಂತು. ಸಾಹೇಬರು ಕಾಲು ಅಲುಗಾಡಿಸಿ, ಮತ್ತೊಮ್ಮೆ ಕಿರ್ ಅನ್ನಿಸಿ, "ನಂದು ಕಣಪ್ಪ, ಹೊಸ ಬೂಟು" ಎಂದರಂತೆ. ಗಾಡಿ ಸಾಲಿನಲ್ಲಿ ಉಳಿಯಿತು. ಬೆಳಗಾವಿಯವನಿಗೆ ಇನ್ನು ಫೋನು ಮಾಡಬೇಡ ಎಂದು ಪರಶುರಾಮ ನನ್ನ ಎದುರಿಗೇ ಹೇಳಿದ. ಉಸ್ತಾದರಿಗೆ ಸುದ್ದಿ ಮುಟ್ಟಿಸಿದಾಗ ಅವರು ಹಣೆ ಬಡಿದುಕೊಂಡು, "ಹೌದಲ್ಲೋ! ಹನಮಂತಪ್ಪ ಬಿಲ್ ಕೊಡದ ಹೋಗೂವಾಗ ಹಿಂಗಾ ಕೇಳ್ತಿತ್ತು" ಎಂದರು.

ಈಗ ಪಾನಾ ಹಿಡಿದವರಿಗೆ ನಾನು ಹೇಳುವುದು ಇಷ್ಟೆ. ಬುಷ್ ನೋಡಿ, ಪಿನ್ ನೋಡಿ, ನೀರು ಸುರಿಯಿರಿ, ಮಾಲೀಕನಿಂದ ಕೂಗಿಸಿ. ಅದೆಲ್ಲ ಮಾಡುವ ಮೊದಲು ಗಾಡಿಯ ಭಾಗವಲ್ಲದ್ದು ಅಲ್ಲಿ ಏನಿದೆ ಎಂದು ಮಾಲೀಕರ ಮನೆಯವರನ್ನು ಕೇಳಿ.

ಮೊನ್ನೆ ಅಮಾವಾಸ್ಯೆಗೆ ವೈನಿಯ ಮನೆಗೆ ಹೋಗಿದ್ದೆ. ಅವರು ಜೀಪಿನ ಮುಂದೆ ಕುಕ್ಕರುಗಾಲಲ್ಲಿ ಕುಳಿತು ಚಪ್ಪಲಿಗೆ ಎಣ್ಣೆ ಹಚ್ಚುತ್ತಿದ್ದರು. ಗಾಡಿಗೆ ಕಟ್ಟಿರುವುದು ಎಡಗಾಲಿನದು ಎಂಬುದು ಆಗಷ್ಟೇ ನನ್ನ ಲಕ್ಷ್ಯಕ್ಕೆ ಬಂತು.

"ಬಲಗಾಲಿಂದು ಎಲ್ಲೈತ್ರಿ ವೈನಿ?"

"ಒಳಗ ಐತಿ, ನನ್ನ ಹಾಸಿಗಿ ಕಡೆ" ಎಂದರು. ಎಣ್ಣೆಯ ಬಟ್ಟಲನ್ನು ಮುಚ್ಚಿ ಪಕ್ಕಕ್ಕೆ ಸರಿಸಿದರು. "ಅದಕ್ಕ ಎಣ್ಣಿ ಹಚ್ಚಂಗಿಲ್ಲ ಅಣ್ಣಾರ."